ಮೂವತ್ತೊಂದನೆಯ ಸಾಲು

ನಮ್ಮಜ್ಜಿ ದಾನವ್ವ ಮೊದಲ ಸಲ ಕಂಪ್ಯೂಟರಿನ ಮುಂದೆ ಕೂತಾಗ ಅವಳಿಗೆ ಮೂವತ್ತನಾಲ್ಕು ವರ್ಷ. ಗಂಡ ಸತ್ತು ಹದಿನೆಂಟು ದಿನವಾಗಿತ್ತು. ಅದು ಎಂಬತ್ತೇಳನೇ ಇಸವಿ, ಆಗಸ್ಟ್ ತಿಂಗಳ ಕೊನೆಯ ದಿನ, ಸೋಮವಾರ.

ಯಶವಂತಪುರದಲ್ಲಿ ಆಗ ಕರೆಂಟ್ ಮೀಟರ್ ಮಾಡುವ ಕಾರ್ಖಾನೆಯೊಂದಿತ್ತು. ನಮ್ಮಜ್ಜ ಕಾಶಿನಾಥ ಅಲ್ಲಿ ಮೀಟರ್ ಪರೀಕ್ಷೆಯ ವಿಭಾಗದಲ್ಲಿದ್ದ. ಇಳಕಲ್ಲಿನಿಂದ ಬಂದವನು. ಮತ್ತಿಕೆರೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಬಾಡಿಗೆಗೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನಮ್ಮಮ್ಮ, ಆಗ ನಾಲ್ಕನೇ ಕ್ಲಾಸು. ಆಗಸ್ಟ್ ಹದಿಮೂರರ ಗುರುವಾರ ಸಂಜೆ ಐದಕ್ಕೆ ಹತ್ತು ನಿಮಿಷವಿದ್ದಾಗ, ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ ಕಾಶಿನಾಥನಿಗೆ ಮಾರ್ಕೆಟ್ಟಿನ ತಿರುವಿನಲ್ಲಿ ಲಾರಿ ಬಡಿಯಿತು. ಹೊತ್ತು ಸರಿಯಾಗಿ ಗೊತ್ತಾಗಲು ಕಾರಣ ಅವನ ಕೈಗಡಿಯಾರ. ಅದು ನಾಲ್ಕು ಐವತ್ತಕ್ಕೆ ನಿಂತಿತ್ತು. ಪೊಲೀಸರೂ ಅದನ್ನೇ ಬರೆದುಕೊಂಡರು.

ದಾನವ್ವ ಅಳಲಿಲ್ಲ. ವಠಾರದ ಹೆಂಗಸರು ಅದನ್ನೇ ಮಾತಾಡಿಕೊಂಡರು. ಅವಳು ರೊಟ್ಟಿ ಬಡಿದಳು, ಮಕ್ಕಳ ಜಡೆ ಹೆಣೆದಳು, ನಲ್ಲಿಯಲ್ಲಿ ನೀರು ಬಂದಾಗ ಕೊಡ ಹಿಡಿದು ನಿಂತಳು. ಯಾರಾದರೂ ಮಾತಾಡಿಸಿದರೆ, ಮಾತು ದೂರದಿಂದ ನಡೆದು ಬಂದು ತಲುಪಿದ ಹಾಗೆ ಸ್ವಲ್ಪ ತಡವಾಗಿ ತಲೆಯೆತ್ತುತ್ತಿದ್ದಳು.

ಕಾಶಿನಾಥನ ಅಣ್ಣ ಅಪ್ಪಾಸಾಹೇಬ ಇಳಕಲ್ಲಿನಿಂದ ಬಂದು ಹದಿನಾಲ್ಕು ದಿನ ಇದ್ದ. ಹೊರಡುವ ಹಿಂದಿನ ದಿನ ಬೀಡಿ ಆರಿಸಿ ಹೇಳಿದ:

"ಇಲ್ಲೇನ್ ಐತವ್ವಾ ನಿನಗ? ಹಿತ್ತಲದಾಗ ಚಿಗವ್ವನ ಖೋಲಿ ಖಾಲಿ ಬಿದ್ದೈತಿ. ಹುಡುಗ್ಯಾರನ್ ಕರ್ಕೊಂಡ್ ಬಂದ್ಬಿಡು."

ಆ ಖೋಲಿಯನ್ನು ದಾನವ್ವ ನೋಡಿದ್ದಳು. ಗಂಡ ಸತ್ತ ಚಿಗವ್ವ ಅದರಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಮನೆಯವರೆಲ್ಲರ ಜೋಳ ಹಸನು ಮಾಡಿ, ಎಲ್ಲರ ಊಟವಾದ ಮೇಲೆ ಉಂಡು ಸತ್ತಿದ್ದಳು. ಕಿಟಕಿ ಇರಲಿಲ್ಲ. ಅಲ್ಲಿಗೆ ಹೋದರೆ ಹುಡುಗಿಯರ ಶಾಲೆ ಏಳನೇ ಇಯತ್ತೆಗೆ ಮುಗಿಯುತ್ತದೆ, ಅವಳದು ಮುಗಿದ ಹಾಗೆ.

"ನೋಡೂಣ್ರಿ ಭಾವಾ," ಅಂದಳು. ಅಷ್ಟೇ.

ನೋಡೋಣ ಅನ್ನಲು ಒಂದು ಕಾರಣವಿತ್ತು. ಹಿಂದಿನ ದಿನ ಕಾರ್ಖಾನೆಯಿಂದ ಮುನಿಆಂಜಿನಪ್ಪ ಬಂದು ಹೋಗಿದ್ದ. ಕೊಡಿಗೇಹಳ್ಳಿಯವನು, ಯೂನಿಯನ್ ಕಮಿಟಿಯಲ್ಲಿದ್ದವನು, ಕಾಶಿನಾಥನ ಪಕ್ಕದ ಬೆಂಚಿನಲ್ಲಿ ಒಂಬತ್ತು ವರ್ಷ ಕೂತವನು. ಹೊಸ್ತಿಲಲ್ಲೇ ನಿಂತು ಹೇಳಿದ್ದ:

"ಅಕ್ಕಯ್ಯ, ಕಾಸಿ ಜಾಗದಲ್ಲಿ ನಿಮ್ಮನ್ನ ಮೂರ್ ತಿಂಗ್ಳು ತಗಾತಾರೆ. ಆಮೇಲೆ ಆಫೀಸ್ನೋರು ನೋಡಿ ಪರ್ಮನೆಂಟ್ ಮಾಡ್ತಾರೆ. ಡ್ಯೂಟಿ ಮೇಲೆ ಸತ್ತೋರ್ ಮನೆಯೋರ್ಗೆ ಕೆಲ್ಸ ಕೊಡ್ಬೇಕು. ಡ್ಯೂಟಿ ಮುಗ್ಸಿ ಗೇಟ್ ಬಿಟ್ಟು ಅರ್ಧ ಗಂಟೆ ಒಳ್ಗೆ ಏನೇ ಆದ್ರೂ ಡ್ಯೂಟಿ ಮೇಲೆ ಆದಂಗೇ ಲೆಕ್ಕ. ಇದು ಅಗ್ರಿಮೆಂಟ್ನಾಗೇ ಐತೆ. ಏನೂ ಯೋಚ್ನೆ ಮಾಡ್ಬೇಡಿ."

ದಾನವ್ವ ಯೋಚನೆ ಮಾಡಲಿಲ್ಲ. ಯೋಚನೆಗೆ ಬೇಕಾದ ಜಾಗ ತಲೆಯೊಳಗೆ ಇರಲಿಲ್ಲ.

ಕಂಪ್ಯೂಟರ್ ರೂಮು ಮಹಡಿಯ ಮೇಲಿತ್ತು. ಗುಡಿಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಡಬೇಕು, ಧೂಳು ಒಳಗೆ ಬರಬಾರದು. ಒಳಗೆ ಏಸಿ. ನೆಲ ತಣ್ಣಗೆ ಅಂಗಾಲಿಗೆ ತಾಗಿತು. ಅಲ್ಲಿ ವಾಜಿದ್ ಅಂತ ಒಬ್ಬ ಅಸಿಸ್ಟೆಂಟ್ ಇದ್ದ, ಆರ್.ಟಿ. ನಗರದವನು, ಇಪ್ಪತ್ತೇಳು ವರ್ಷ, ಸದಾ ಕಾಲುಚೀಲ. ಬೆಂಗಳೂರಿನವರ ಬಾಯಲ್ಲಿ ದಾನವ್ವ ಮೊದಲ ದಿನವೇ ದಾನಮ್ಮ ಆದಳು.

"ಕೂತ್ಕೊಳ್ಳಿ ದಾನಮ್ಮ. ಇದು ಕಾಶಿ ಅಣ್ಣಂದು," ಅಂತ ವಾಜಿದ್ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟ. "ಅವ್ರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಎಲ್ಲಾ ಕನ್ನಡದಲ್ಲೇ ಬರ್ಕೊಂಡಿದಾರೆ. ಇದ್ರಲ್ಲಿರೋ ಹಾಗೆ ಮಾಡಿದ್ರೆ ಸಾಕು."

ಕಾಶಿನಾಥನ ದುಂಡು ಅಕ್ಷರ. ಬೆಳಿಗ್ಗೆ ಮಾಡುವುದು ಒಂದು ಕಡೆ, ಸಂಜೆ ಮಾಡುವುದು ಒಂದು ಕಡೆ. ಒತ್ತಬೇಕಾದ ಇಂಗ್ಲಿಷ್ ಅಕ್ಷರಗಳನ್ನು ದೊಡ್ಡದಾಗಿ ಬರೆದು, ಕೆಳಗೆ ಅವುಗಳ ಉಚ್ಚಾರ.

ಕೆಲಸದ ಕ್ರಮ ಹೀಗಿತ್ತು. ಆ ದಿನ ಪರೀಕ್ಷೆಯಾದ ಮೂವತ್ತು ಮೀಟರುಗಳ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ತಾಳೆ ನೋಡುತ್ತಿತ್ತು. ಅದರ ಹೆಸರು 'ಮೀಟರ್'. ಬರೀ ಹೆಸರು ಟೈಪ್ ಮಾಡಿದರೆ ಫಲಿತಾಂಶ ಪರದೆಯ ಮೇಲೆ ಸರಸರನೆ ಓಡಿ ಮಾಯವಾಗುತ್ತಿತ್ತು. ಬರೆದುಕೊಳ್ಳುವಷ್ಟರಲ್ಲಿ ಮೇಲಿನದು ಹೋಗಿರುತ್ತಿತ್ತು. ಅದಕ್ಕೆ ಕಾಶಿನಾಥ ಹೆಸರಿನ ಮುಂದೆ ಬಾಣದ ಗುರುತು ಹಾಕಿ, ಅದರ ಮುಂದೆ 'ಇಂದು' ಅಂತ ಬರೆಯುತ್ತಿದ್ದ. ಆಗ ಪರದೆಯ ಮೇಲೆ ಬರಬೇಕಾದದ್ದೆಲ್ಲ 'ಇಂದು' ಅನ್ನುವ ಫೈಲಿನೊಳಗೆ ಹೋಗಿ ಕೂರುತ್ತಿತ್ತು. ಮರುದಿನ ಬೆಳಿಗ್ಗೆ ಆ ಫೈಲು ತೆರೆದು, ಅದರಲ್ಲಿದ್ದುದನ್ನು ಸಾವಕಾಶವಾಗಿ ನೋಡಿಕೊಂಡು ದಪ್ಪ ರಿಜಿಸ್ಟರಿನಲ್ಲಿ ಕೈಯಿಂದ ಇಳಿಸಬೇಕು. ಸಂಜೆ ಮತ್ತೆ ಅದೇ ಸಾಲು, ಅದೇ ಬಾಣ, ಅದೇ ಫೈಲು.

ಕಾಶಿನಾಥ ಹೋದ ಮೇಲೆ ಅಷ್ಟು ದಿನ ವಾಜಿದ್ ಫಲಿತಾಂಶವನ್ನು ನೇರ ಪ್ರಿಂಟರಿಗೆ ಕಳಿಸಿ ಕೆಲಸ ಸಾಗಿಸಿದ್ದ. 'ಇಂದು' ಫೈಲನ್ನು ಯಾರೂ ಮುಟ್ಟಿರಲಿಲ್ಲ.

ದಾನವ್ವ ನೋಟ್‌ಬುಕ್ಕಿನ ಬೆಳಗಿನ ಪುಟ ತೆಗೆದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಪರದೆಯ ಮೇಲೆ ಹಸಿರು ಅಕ್ಷರಗಳು ಬಂದು ನಿಂತವು. ಅದು ಗಂಡ ಕೊನೆಯ ದಿನ ಉಳಿಸಿ ಹೋದದ್ದು. ಅವಳಿಗೆ ಅದು ಹೊಳೆಯಲಿಲ್ಲ, ಹೇಳುವವರೂ ಇರಲಿಲ್ಲ. ರಿಜಿಸ್ಟರಿನ ಖಾಲಿ ಪುಟ ತೆಗೆದು ಇಳಿಸತೊಡಗಿದಳು.

ಅವಳು ಓದಲಿಲ್ಲ, ಎಣಿಸಿದಳು. ಇಳಕಲ್ಲಿನಲ್ಲಿದ್ದಾಗ ದಾನವ್ವ ಸೀರೆಗಳಿಗೆ ಕಸೂತಿ ಹಾಕುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಸೂಜಿ ಚುಚ್ಚಬೇಕು, ಒಂದು ಎಳೆ ತಪ್ಪಿದರೆ ಹೆಣೆದ ಗೋಪುರದ ಚಿತ್ರ ವಾಲುತ್ತದೆ. ಪರದೆಯನ್ನೂ ಹಾಗೇ ಎಣಿಸಿದಳು. ಎಷ್ಟು ಅಂಕಿ, ಎಷ್ಟು ಖಾಲಿ ಜಾಗ, ಎಲ್ಲಿ ಚುಕ್ಕಿ. ಮೂವತ್ತು ಮೀಟರ್ ಅಂತ ವಾಜಿದ್ ಹೇಳಿದ್ದ, ಪರದೆಯಲ್ಲಿ ಮೂವತ್ತೊಂದು ಸಾಲಿದ್ದವು. ಕೊನೆಯದರಲ್ಲಿ ಇಂಗ್ಲಿಷ್ ಅಕ್ಷರಗಳು, ನಡುವೆ ಎರಡೆರಡು ಚುಕ್ಕಿ. ಇದೇಕೆ ಬೇರೆ ಥರ ಅಂತ ಕೇಳಲಿಲ್ಲ. ಇದ್ದ ಹಾಗೆ ಇಳಿಸಿದಳು.

ವಾಜಿದ್ ಬಂದು ನೋಡಿದ. "ಅರೆ, ಅಚ್ಚು ಹಾಕಿದಂಗೆ ಬರ್ದಿದೀರಲ್ಲ!"

ಮಧ್ಯಾಹ್ನ ಮೂರೂವರೆಗೆ ಶಿಫ್ಟ್ ಮುಗಿದ ಸೈರನ್ ಆಯಿತು. ಅಕೌಂಟ್ಸಿನವರು ಕಂಪ್ಯೂಟರ್ ಬಿಟ್ಟುಕೊಡುವುದೇ ಆಗ. 'ಮೀಟರ್' ಓಡಿಸಿದರೆ ಮುಗಿಯಲು ಮುಕ್ಕಾಲು ಗಂಟೆಯ ಮೇಲೆ ಹಿಡಿಯುತ್ತಿತ್ತು. ಮುನಿಆಂಜಿನಪ್ಪ ಬಾಗಿಲಿಗೆ ಬಂದ.

"ಅಕ್ಕಯ್ಯ, ನಿಮ್ ಕಾರ್ಡ್ ಕೊಡಿ. ನಂದ್ರ ಜೊತೆ ಒಡ್ದ್ಬಿಡ್ತೀನಿ. ಕಾಸಿದೂ ನಾನೇ ಒಡೀತಿದ್ದೆ."

ಗೇಟಿನಲ್ಲಿ ಪಂಚಿಂಗ್ ಗಡಿಯಾರವಿತ್ತು. ಕಾರ್ಡು ತೂರಿಸಿದರೆ ಠಣ್ ಅಂತ ಹೊತ್ತು ಅಚ್ಚಾಗುತ್ತಿತ್ತು. ಮೂರೂಮುಕ್ಕಾಲು ದಾಟಿ ಅಚ್ಚಾದರೆ ಮರುದಿನ ಕಾರಣದ ಚೀಟಿ ಬರೆಯಬೇಕು. ಚೀಟಿ ಬರೆದರೆ ಸೂಪರ್‌ವೈಸರ್ ಓವರ್‌ಟೈಮಿನ ಜವಾಬು ಕೊಡಬೇಕು. ಯಾರಿಗೂ ಬೇಡದ ತಲೆನೋವು. ಹಾಗಾಗಿ ಯಾರು ಎಷ್ಟು ಹೊತ್ತು ಉಳಿದರೂ ಅವರ ಕಾರ್ಡು ಗೆಳೆಯರ ಕೈಯಲ್ಲಿ ಮೂರೂವರೆಗೆ ಮನೆಗೆ ಹೋಗುತ್ತಿತ್ತು. ಇದು ಎಲ್ಲರಿಗೂ ಗೊತ್ತು. ಇನ್ನೊಬ್ಬರ ಕಾರ್ಡು ಹೊಡೆದು ಸಿಕ್ಕಿಬಿದ್ದರೆ ಕೆಲಸದಿಂದ ತೆಗೆಯುತ್ತಾರೆ ಅನ್ನುವುದೂ ಎಲ್ಲರಿಗೂ ಗೊತ್ತು.

ದಾನವ್ವ ಕಾರ್ಡು ಕೊಟ್ಟಳು. ನೋಟ್‌ಬುಕ್ಕಿನ ಸಂಜೆಯ ಪುಟ ತೆಗೆದು ಆ ಒಂದು ಸಾಲು ಒತ್ತಿದಳು. ಬಾಣಕ್ಕೆ ಎರಡು ಕೀಲಿ ಒಟ್ಟಿಗೆ ಒತ್ತಬೇಕಿತ್ತು. ವಾಜಿದ್ ತೋರಿಸಿಕೊಟ್ಟ. ನಾಲ್ಕು ಕಾಲು ದಾಟುವವರೆಗೆ ಇಬ್ಬರೂ ಕಾದರು. ಪರದೆಯ ಮೇಲೆ ಏನೂ ಬರಲಿಲ್ಲ. ಕೊನೆಗೆ ಖಾಲಿ ಸಾಲೊಂದು ಬಂದು ಮಿಣಮಿಣ ಅಂದಿತು.

"ಏನೂ ಬರಲಿಲ್ರಿ," ಅಂದಳು.

"ಬರ್ಬಾರ್ದು ದಾನಮ್ಮ. ಏನೂ ಬರ್ಲಿಲ್ಲ ಅಂದ್ರೆ ಎಲ್ಲಾ ಸರಿಯಾಗಿ ಒಳಗೆ ಹೋಗಿದೆ ಅಂತ."

ತಿಂಗಳು ಕಳೆಯಿತು. ಬೆಳಿಗ್ಗೆ ಇಳಿಸು, ಸಂಜೆ ಒತ್ತು. ಕ್ಯಾಂಟೀನಿನಲ್ಲಿ ಹೆಂಗಸರು ಜಾಗ ಬಿಟ್ಟರೆ ಕೂರುತ್ತಿದ್ದಳು, ಬಿಡದಿದ್ದರೆ ನಿಂತು ಉಣ್ಣುತ್ತಿದ್ದಳು. ಉಪ್ಪು ಹೆಚ್ಚೋ ಕಡಿಮೆಯೋ ನಾಲಗೆಗೆ ತಿಳಿಯುತ್ತಿರಲಿಲ್ಲ. ನಮ್ಮಮ್ಮ ಹೇಳುತ್ತಾಳೆ, ಆ ದಿನಗಳಲ್ಲಿ ಸಾರು ಹೇಗಿದೆ ಅಂತ ಅವ್ವ ತನ್ನನ್ನೇ ಕೇಳುತ್ತಿದ್ದಳಂತೆ.

ಅಕ್ಟೋಬರ್ ಮೊದಲ ವಾರ ಆಫೀಸಿನಿಂದ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ವಾಜಿದ್ ಓದಿ, ಇನ್ನೊಮ್ಮೆ ಓದಿ, ಕನ್ನಡದಲ್ಲಿ ಹೇಳಿದ:

"ಕಾಶಿ ಅಣ್ಣನ ಕಾರ್ಡಲ್ಲಿ ಮೂರು ಮೂವತ್ತೆರಡು ಅಂತಿದೆ. ಆಕ್ಸಿಡೆಂಟ್ ನಾಲ್ಕು ಐವತ್ತಕ್ಕೆ. ಗೇಟ್ ಬಿಟ್ಟು ಒಂದು ಗಂಟೆ ಹದಿನೆಂಟು ನಿಮಿಷ ಆಗಿದೆ. ಡ್ಯೂಟಿ ಮೇಲೆ ಹೋದಂಗಲ್ಲ ಅಂತೆ. ಅದಕ್ಕೆ… ನಿಮ್ಮ ಕೆಲಸ ನವೆಂಬರ್‌ಗೆ ಮುಗೀತು ಅಂತ ಬರ್ದಿದಾರೆ. ಆಕ್ಷೇಪಣೆ ಇದ್ರೆ ಹದಿನೈದು ದಿನದಲ್ಲಿ ಹೇಳ್ಬೇಕಂತೆ."

ದಾನವ್ವನಿಗೆ ಕಿಟಕಿಯಿಲ್ಲದ ಖೋಲಿ ಕಂಡಿತು. ಕಂಡದ್ದಷ್ಟೇ. ಹೆದರಿಕೆ ಬರಲಿಲ್ಲ.

ವಾಜಿದ್ ಎದ್ದು ನಿಂತ. "ಇರಿ, ಇರಿ. ಆ ವಾರ ನಾನು ರಜಾ, ತಂಗಿ ಮದ್ವೆ. ನಾನು ನೋಡಿಲ್ಲ. ಆದ್ರೆ ಮೆಷಿನ್ ನೋಡಿರುತ್ತೆ! 'ಮೀಟರ್' ಮುಗಿದ ಮೇಲೆ ಕೊನೇಲಿ ತಾರೀಖು, ಟೈಮು ಹಾಕುತ್ತೆ. ಕಾಶಿ ಅಣ್ಣ ಆವತ್ತು ಓಡಿಸಿದ್ದು 'ಇಂದು' ಫೈಲಲ್ಲಿ ಇರ್ಬೇಕು. ನಾಲ್ಕೂವರೆವರೆಗೂ ಇಲ್ಲೇ ಇದ್ರು ಅಂತ ಅದೇ ಹೇಳುತ್ತೆ."

ಅವನೇ ಕೂತು ಫೈಲು ತೆರೆದ. ಮೂವತ್ತು ಮೀಟರ್. ಕೆಳಗೆ ನಿನ್ನೆಯ ತಾರೀಖು.

ವಾಜಿದ್ ನೋಟ್‌ಬುಕ್ಕಿನ ಸಂಜೆಯ ಪುಟ ತೆಗೆದು ಬಾಣದ ಮೇಲೆ ಬೆರಳಿಟ್ಟ. ಆಮೇಲೆ, "ಒಂದು ಬಾಣ ಹಾಕಿದ್ರೆ ಹಳೇದನ್ನ ಅಳಿಸಿ ಹೊಸದು ಬರೆಯುತ್ತೆ," ಅಂದ. "ಎರಡು ಬಾಣ ಹಾಕಿದ್ರೆ ಹಳೇದರ ಕೆಳಗೆ ಹೊಸದು ಸೇರುತ್ತೆ. ಕಾಶಿ ಅಣ್ಣ ಒಂದೇ ಹಾಕ್ತಿದ್ರು. ಹೇಗಿದ್ರೂ ರಿಜಿಸ್ಟರಿಗೆ ಇಳಿಸ್ತಿದ್ರಲ್ಲ."

"ಹಂಗಾರ ನಾ ಬಂದ ದಿನಾನ ಅಳಿಸೀನಿ."

"ಹೂಂ."

"ಎರಡ್ ಬಾಣದ್ದು ಮೊದಲ ಯಾಕ ಹೇಳಲಿಲ್ರಿ?"

ದೂರಲು ಕೇಳಿದ್ದಲ್ಲ. ಬಸ್ಸು ಎಷ್ಟಕ್ಕೆ ಅಂತ ಕೇಳಿದ ಹಾಗೆ ಕೇಳಿದಳು. ವಾಜಿದ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತ ಕೂತ. ಗಾಜು ಸ್ವಚ್ಛವಾದರೂ ಒರೆಸುತ್ತಲೇ ಇದ್ದ. ಆ ಸಂಜೆ ದಾನವ್ವ ಎರಡು ಬಾಣ ಹಾಕಿದಳು.

ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಇಳಿಸುತ್ತಿದ್ದಾಗ ಮೂವತ್ತೊಂದನೆಯ ಸಾಲಿಗೆ ಬಂದು ಕೈ ನಿಂತಿತು. ರಿಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿದಳು. ತಾನು ಬರೆದ ಮೊದಲ ಪುಟ ಸಿಕ್ಕಿತು.

"ವಾಜಿದ್ ಅವ್ರ, ಇದ ಏನ್ ಐತಿ ಓದ್ರಿ."

ಅವನು ಓದಿದ. ಗುರುವಾರ, ಆಗಸ್ಟ್ ಹದಿಮೂರು. ಹದಿನಾರು ಗಂಟೆ, ಮೂವತ್ತೊಂದು ನಿಮಿಷ, ಏಳು ಸೆಕೆಂಡು.

"ಹದಿನಾರು ಗಂಟಿ ಅಂದ್ರ?"

"ಸಂಜೆ ನಾಲ್ಕು. ನಾಲ್ಕು ಮೂವತ್ತೊಂದು, ದಾನಮ್ಮ!" ಅವನ ದನಿಗೆ ಪಕ್ಕದ ರೂಮಿನವರು ಇಣುಕಿದರು. ದಾನವ್ವ ತನ್ನದೇ ಅಕ್ಷರಗಳನ್ನು ನೋಡಿದಳು. ಅಲ್ಲಿಂದ ಹತ್ತೊಂಬತ್ತು ನಿಮಿಷಕ್ಕೆ ಗಡಿಯಾರ ನಿಂತಿತ್ತು. ಕಳೆಯುವುದು ಅವಳಿಗೆ ಬರುತ್ತಿತ್ತು.

ವಿಚಾರಣೆಗೆ ಒಂದು ಶುಕ್ರವಾರ ಗೊತ್ತಾಯಿತು. ಗುರುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುನಿಆಂಜಿನಪ್ಪ ಮತ್ತಿಕೆರೆಯ ಮನೆಗೆ ಬಂದ. ಚಹಾ ಕುಡಿದ. ಲೋಟ ಕೆಳಗಿಡಲಿಲ್ಲ, ಖಾಲಿ ಲೋಟವನ್ನೇ ತಿರುಗಿಸುತ್ತ ಕೂತ.

"ಅಕ್ಕಯ್ಯ, ನಾಳೆ ಕಾರ್ಡ್ ವಿಸ್ಯ ಬತ್ತದೆ. ನಂದು ಅತ್ತೊಂಬತ್ತು ವರ್ಸ ಸರ್ವೀಸು. ಮನೇಲಿ ನಾಕ್ ಮಕ್ಳು."

"ನಿಮ್ಮ ಹೆಸರ್ ನನ್ನ ಬಾಯಾಗ ಬರೂದಿಲ್ಲ, ಹೋಗ್ರಿ."

ಅದು ದೊಡ್ಡ ಮನಸ್ಸಿನಿಂದ ಹೇಳಿದ್ದಲ್ಲ ಅಂತ ಅಜ್ಜಿಯೇ ನನಗೆ ಹೇಳಿದ್ದಾಳೆ. ಒಬ್ಬರ ಹೆಸರು ಹೇಳಬೇಕಾದರೆ ಒಳಗೆ ಏನಾದರೂ ಬೇಕು ಅನ್ನಿಸಬೇಕು, ಸಿಟ್ಟಾದರೂ ಇರಬೇಕು. ಅವಳ ಹತ್ತಿರ ಅವೆರಡೂ ಇರಲಿಲ್ಲ.

ಸಿಬ್ಬಂದಿ ವಿಷಯ ನೋಡುವ ಪರ್ಸನೆಲ್ ಆಫೀಸರರ ಕೋಣೆಯಲ್ಲಿ ಫ್ಯಾನು ಕಟಕಟ ಅನ್ನುತ್ತಿತ್ತು. ಮೇಜಿನ ಒಂದು ಬದಿಗೆ ದಾನವ್ವ, ವಾಜಿದ್. ಯೂನಿಯನ್ ಪರವಾಗಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಮುನಿಆಂಜಿನಪ್ಪ. ಆಫೀಸರು ಕೆಟ್ಟವರಲ್ಲ. ಅವಳಿಗೆ ಮೊದಲು ನೀರು ಕೊಡಿಸಿದರು. ಆಮೇಲೆ ರಿಜಿಸ್ಟರಿನ ಪುಟ ನೋಡಿದರು.

"ಇದನ್ನ ಬರ್ದಿದ್ದು ಯಾರಮ್ಮ?"

"ನಾನ್ರಿ."

"ನಿಮಗೆ ಬೇಕಾದ ಟೈಮನ್ನ ನೀವೇ ಬರ್ಕೊಂಡು ಬಂದ್ರೆ ನಾನು ಹೆಂಗಮ್ಮ ಒಪ್ಕೊಳ್ಳಿ? ಒರಿಜಿನಲ್ ಎಲ್ಲಿ?"

"ಅಳಿಸೇತ್ರಿ."

"ಅಳಿಸಿದ್ದು ಯಾರು?"

"ನಾನ್ರಿ."

ಆಫೀಸರು ಪೆನ್ನು ಕೆಳಗಿಟ್ಟರು. ವಾಜಿದ್ ಮುಂದೆ ಬಾಗಿದ. "ಸರ್, ಅವ್ರಿಗೆ ಇಂಗ್ಲಿಷ್ ಓದಕ್ಕೇ ಬರಲ್ಲ. ಹದಿನಾರು ಅಂದ್ರೆ ನಾಲ್ಕು ಅಂತ ನಾನು ಹೇಳಿದ್ಮೇಲೆ ಗೊತ್ತಾಗಿದ್ದು. ಈ ಮೂವತ್ತು ನಂಬರ್ ಸ್ಟೋರ್ಸಲ್ಲಿ ತಾಳೆ ನೋಡಿಸಿ ಸರ್."

"ಮೀಟರ್ ನಂಬರ್ ಸರಿ ಇರ್ಬಹುದಪ್ಪ. ಮೀಟರ್ ಮೇಲೆ ಟೈಮ್ ಬರ್ದಿರುತ್ತಾ?"

"ಸರ್, ಆ ಪ್ರೋಗ್ರಾಂ ಶುರುವಾಗೋದೇ ಮೂರೂವರೆ ಆದ್ಮೇಲೆ. ದಿನಾ ಅಷ್ಟೇ."

"ದಿನಾ ಅಂತೀರಾ. ಹಾಗಾದ್ರೆ ದಿನಾ ಆತನ ಕಾರ್ಡಲ್ಲಿ ಮೂರೂವರೆ ಹೆಂಗ್ ಬೀಳ್ತಿತ್ತು?"

ವಾಜಿದ್ ತನ್ನ ಕಾಲನ್ನು ನೋಡಿಕೊಂಡ. ಕಾಶಿನಾಥ ಅಲ್ಲಿದ್ದ ಅಂದರೆ ಕಾರ್ಡು ಸುಳ್ಳು ಅಂದ ಹಾಗೆ. ಕಾರ್ಡು ಸುಳ್ಳು ಅಂದರೆ ಯಾರೋ ಹೊಡೆದಿದ್ದಾರೆ ಅಂದ ಹಾಗೆ.

"ನೀವು ಹೇಳಿಯಮ್ಮ. ನಿಮ್ಮ ಯಜಮಾನ್ರ ಕಾರ್ಡು ಯಾರು ಹೊಡೀತಿದ್ರು?"

ದಾನವ್ವ ಗೋಡೆಯ ಕಡೆ ನೋಡಲಿಲ್ಲ. ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡು ಮುಚ್ಚಿದಳು.

"ಗೊತ್ತಿಲ್ರಿ."

"ಮತ್ತೆ ನಾನೇನ್ ಮಾಡ್ಲಿ ಹೇಳಿ," ಅಂತ ಆಫೀಸರು ಫೈಲಿನ ದಾರ ಕಟ್ಟತೊಡಗಿದರು.

ಕುರ್ಚಿ ಸರಿದ ಸದ್ದಾಯಿತು.

"ನಾನು ಸಾ."

"ಏನ್ರೀ?"

"ಕಾಸಿ ಕಾರ್ಡ್ ಒಡ್ದೋನು ನಾನು. ಆವತ್ತೂ ನಾನೇ ಒಡ್ದಿದ್ದು. 'ಓಗಪ್ಪಾ, ನಂದು ಇನ್ನೂ ಮುಗ್ದಿಲ್ಲ' ಅಂದ. ನಾನ್ ಒಡ್ದ್ಬುಟ್ಟು ಬಸ್ ಅತ್ತಿದೆ."

"ಮುನಿಆಂಜಿನಪ್ಪ, ನೀವು ಯೂನಿಯನ್ನಲ್ಲಿದೀರ. ಇದನ್ನ ನಾನು ಬರ್ಕೊಂಡ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು ಸಾ."

"ಬರ್ಕೊಳ್ಳದೇ ಇರೋ ಹಾಗೆ ಹೇಳೋದಾದ್ರೆ ಈಗ್ಲೂ ಹೇಳ್ಬಹುದು."

"ಬರ್ಕಳಿ ಸಾ. ಈಯಮ್ಮ ಇಂಗ್ಲಿಸ್ ಓದಕ್ ಬರ್ದೇ ಇದ್ರೂ ಅಂಗೇ ಇಳ್ಸವ್ಳೆ. ನಂಗೆ ಮಾತ್ ಬತ್ತದೆ. ನಾನ್ ಏಳ್ದೇ ಇದ್ರೆ ಎಂಗೆ?"

ಆಫೀಸರು ದಾರ ಬಿಚ್ಚಿದರು. ಬರೆದುಕೊಂಡರು.

ನವೆಂಬರ್ ಇಪ್ಪತ್ತರಂದು ದಾನವ್ವನ ಕೈಗೆ ಖಾಯಂ ಆದೇಶ ಬಂತು. ಅದೇ ದಿನ ಮುನಿಆಂಜಿನಪ್ಪನ ಸಸ್ಪೆನ್ಷನ್ ಆದೇಶ ನೋಟಿಸ್ ಬೋರ್ಡಿಗೆ ಬಿತ್ತು, ನಾಲ್ಕು ತಿಂಗಳು. ಹತ್ತೊಂಬತ್ತು ವರ್ಷದ ಮುಖ ನೋಡಿ ಪೂರ್ತಿ ತೆಗೆಯಲಿಲ್ಲ. ಯೂನಿಯನ್ ಕಮಿಟಿಯಿಂದ ಅವನ ಹೆಸರು ಹೋಯಿತು. ದಾನವ್ವ ಆದೇಶವನ್ನು ಮನೆಗೆ ತಂದು ಉಪ್ಪಿನ ಭರಣಿಯ ಕೆಳಗಿಟ್ಟಳು. ಇಳಕಲ್ಲಿಗೆ ಒಂದು ಪೋಸ್ಟ್ ಕಾರ್ಡು ಬರೆದಳು: ಭಾವನವರಿಗೆ ಶರಣು, ಖೋಲಿ ಬೇರೆಯವರಿಗೆ ಕೊಡಬಹುದು. ಮಕ್ಕಳು ಕುಣಿದವು. ಅವಳು ಕುಣಿಯುವ ಮಕ್ಕಳನ್ನು ನೋಡುತ್ತ, ಅಕ್ಕಿ ಆರಿಸುತ್ತ ಕೂತಳು. ಸಂತೋಷ ಇವತ್ತಲ್ಲ ನಾಳೆ ಬರಬಹುದು ಅಂದುಕೊಂಡಳಂತೆ. ಮರುದಿನವೂ ಬರಲಿಲ್ಲ.

ಆದರೆ ಮರುದಿನ ಒಂದು ಕೆಲಸ ಮಾಡಿದಳು. ಸೈರನ್ ಆದಾಗ ಪ್ಯಾಕಿಂಗಿನ ಹೆಂಗಸೊಬ್ಬಳು ಕಾರ್ಡಿಗೆ ಕೈ ಚಾಚಿದರೆ, "ಬ್ಯಾಡ, ಇರ್ಲಿ," ಅಂದಳು. 'ಮೀಟರ್' ಓಡಿಸಿದಳು, ಎರಡು ಬಾಣ ಹಾಕಿ. ಮುಗಿಯುವವರೆಗೆ ಕೂತಳು. ಚಪ್ಪಲಿ ಮೆಟ್ಟಿ ಇಳಿದು, ಖಾಲಿ ಅಂಗಳ ದಾಟಿ, ಗೇಟಿನ ಗಡಿಯಾರಕ್ಕೆ ತನ್ನ ಕಾರ್ಡು ತಾನೇ ತೂರಿಸಿದಳು. ಠಣ್. ನಾಲ್ಕು ಮೂವತ್ತನಾಲ್ಕು. ವಾಚ್‌ಮನ್ ಎದ್ದು ಬಂದು ನೋಡಿದ.

ಕಾರಣದ ಚೀಟಿ ಬರೆದಳು, ಕನ್ನಡದಲ್ಲಿ, ಒಂದೇ ಸಾಲು: ಕೆಲಸ ಈಗ ಮುಗಿಯಿತು. ಅದರ ಮರುದಿನವೂ ಅದೇ ಚೀಟಿ. ಅದರ ಮರುದಿನವೂ. ನಲವತ್ತು ಚೀಟಿ ಆದ ಮೇಲೆ ಆಫೀಸಿನವರು ಬೇಸತ್ತು ಕಂಪ್ಯೂಟರ್ ರೂಮಿನ ಹೊತ್ತನ್ನೇ ಎಂಟೂವರೆಯಿಂದ ನಾಲ್ಕೂವರೆ ಅಂತ ಬದಲಾಯಿಸಿದರು.

ಮಾರ್ಚ್ ಕೊನೆಗೆ ಮುನಿಆಂಜಿನಪ್ಪ ಕೆಲಸಕ್ಕೆ ವಾಪಸ್ ಬಂದ, ಪ್ಯಾಕಿಂಗ್ ವಿಭಾಗಕ್ಕೆ. ತೆಳ್ಳಗಾಗಿದ್ದ. ಮೊದಲ ಸಂಜೆ ಲಾರಿಗೆ ಪೆಟ್ಟಿಗೆ ಏರಿಸುವುದು ತಡವಾಗಿ, ದಾನವ್ವ ಇಳಿದು ಬರುವ ಹೊತ್ತಿಗೇ ಅವನೂ ಗೇಟಿಗೆ ಬಂದ. ಹಿಂದೆ ವಾಜಿದ್ ಇದ್ದ.

"ಅಕ್ಕಯ್ಯ, ಕೈ ಎಲ್ಲಾ ಗೋಂದು," ಅಂತ ಮುನಿಆಂಜಿನಪ್ಪ ಕಾರ್ಡು ಮುಂದೆ ಹಿಡಿದ. "ನಂದೂ ಒಸಿ ಒಡ್ದ್ಬುಡ್ತೀರಾ?"

"ನಿಮ್ದ ನೀವ ಹೊಡ್ಕೋರಿ. ನನಗ ನಾಕು ತಿಂಗಳು ಮನ್ಯಾಗ ಕುಂದ್ರಾಕ ಆಗೂದಿಲ್ಲ."

ಮುನಿಆಂಜಿನಪ್ಪ ಗೇಟಿಗೆ ಒರಗಿ ನಕ್ಕ. ದಾನವ್ವ ನಕ್ಕಳೋ ಇಲ್ಲವೋ ವಾಜಿದ್‌ಗೆ ಕಾಣಲಿಲ್ಲ. ಅವಳು ಆಗಲೇ ರಸ್ತೆಗೆ ತಿರುಗಿದ್ದಳು. ಮನೆಗೆ ಹೋಗಿ ಸಾರಿಗೆ ಉಪ್ಪು ಹಾಕಿ, ತಾನೇ ರುಚಿ ನೋಡಿ, ಇನ್ನೊಂದು ಚಿಟಿಕೆ ಹಾಕಿದಳಂತೆ. ಇದು ನಮ್ಮಮ್ಮ ಕಂಡದ್ದು.